ಸರ್ವರ್ ಡೌನ್ ಆದಾಗ ಒಳಗೆ ನಡೆಯುವುದೇನು, ಸರಿಯಾಗಲು ಅಷ್ಟು ಹೊತ್ತು ಯಾಕೆ?

2025ರ ಏಪ್ರಿಲ್ 12ರ ಶನಿವಾರ ದೇಶದ ಹಲವೆಡೆ ಯುಪಿಐ ಕೈಕೊಟ್ಟಿತು. ಅದಕ್ಕೆ 17 ದಿನ ಮೊದಲು, ಮಾರ್ಚ್ 26ರಂದೂ ಹೀಗೇ ಆಗಿತ್ತು. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದವರ ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು. ಏಪ್ರಿಲ್ 12ರ ತೊಂದರೆಗೆ ಯುಪಿಐ ನಡೆಸುವ ಎನ್‌ಪಿಸಿಐ ಆಮೇಲೆ ಗುರುತಿಸಿದ ಕಾರಣ ಯಂತ್ರ ಸುಟ್ಟದ್ದಲ್ಲ, ಕೇಬಲ್ ತುಂಡಾದದ್ದೂ ಅಲ್ಲ. 'ಆ ಪಾವತಿ ಏನಾಯಿತು?' ಎಂದು ವಿಚಾರಿಸುವ ಕೋರಿಕೆಗಳನ್ನು ಕೆಲವು ಬ್ಯಾಂಕುಗಳ ಕಂಪ್ಯೂಟರುಗಳು ಮತ್ತೆ ಮತ್ತೆ ಕಳಿಸುತ್ತಿದ್ದವು, ಹಳೆಯ ವಹಿವಾಟುಗಳ ಬಗ್ಗೆಯೂ ಕೇಳುತ್ತಿದ್ದವು. ಈ ವಿಚಾರಣೆಗಳ ಮಹಾಪೂರದಲ್ಲಿ ಹೊಸ ಪಾವತಿಗಳು ಸಿಕ್ಕಿಬಿದ್ದವು.

ಹಾಲು, ಬಸ್ ಟಿಕೆಟ್, ಔಷಧಿ, ಪಡಿತರ, ಜಮೀನು ನೋಂದಣಿ ಎಲ್ಲವೂ ಯಾವುದೋ ಊರಿನ ಕಂಪ್ಯೂಟರ್ ಉತ್ತರ ಕೊಡುವುದನ್ನೇ ಕಾಯುವ ಕಾಲ ಇದು. ಅದು ಉತ್ತರ ಕೊಡದಿದ್ದಾಗ ನಮಗೆ ಸಿಗುವ ವಿವರಣೆ ಮಾತ್ರ ಒಂದೇ: 'ಸರ್ವರ್ ಡೌನ್'. ಆ ಹೊತ್ತಿನಲ್ಲಿ ಕಂಪನಿಯ ಒಳಗೆ ಯಾರು ಏನು ಮಾಡುತ್ತಿರುತ್ತಾರೆ, ಕೆಟ್ಟದ್ದು ಯಾಕೆ, ಕೆಲವು ಸಲ ಹತ್ತು ನಿಮಿಷದಲ್ಲಿ ಸರಿಯಾಗುವುದು ಇನ್ನು ಕೆಲವು ಸಲ ಹದಿನೈದು ಗಂಟೆ ಎಳೆಯುವುದು ಯಾಕೆ ಎಂಬುದನ್ನು ಬುಡದಿಂದ ನೋಡೋಣ.

## ಶೇ 99.9 ಅಂದರೆ ಎಷ್ಟು ಹೊತ್ತು?

ಆನ್‌ಲೈನ್ ಸೇವೆಯೊಂದು ಬಳಕೆದಾರರಿಗೆ ಸಿಗದೆ ಹೋಗುವುದೇ ಔಟೇಜ್. ಪೂರ್ತಿ ನಿಲ್ಲಬೇಕೆಂದೇನಿಲ್ಲ. ಲಾಗಿನ್ ಆಗುತ್ತದೆ, ಫೋಟೊ ಬರುವುದಿಲ್ಲ. ನೂರರಲ್ಲಿ ಹತ್ತು ಪಾವತಿ ಫೇಲ್ ಆಗುತ್ತವೆ. ಎರಡು ಸೆಕೆಂಡಿನ ಕೆಲಸಕ್ಕೆ ಇಪ್ಪತ್ತು ಸೆಕೆಂಡ್ ಹಿಡಿಯುತ್ತದೆ. ಇವೂ ಔಟೇಜೇ. ಪೂರ್ತಿ ನಿಂತದ್ದು ತಕ್ಷಣ ಗೊತ್ತಾಗುತ್ತದೆ. ಅರೆಬರೆ ಕೆಟ್ಟದ್ದನ್ನು ಪತ್ತೆ ಹಚ್ಚುವುದೇ ಕಷ್ಟ.

ಸೇವೆ ಎಷ್ಟು ಹೊತ್ತು ಲಭ್ಯವಿರುತ್ತದೆ ಎಂಬುದನ್ನು ಕಂಪನಿಗಳು ಶೇಕಡಾ ಲೆಕ್ಕದಲ್ಲಿ ಹೇಳುತ್ತವೆ. ಶೇ 99 ಎಂದರೆ ಕೇಳಲು ಚೆನ್ನಾಗಿದೆ, ಆದರೆ ವರ್ಷದಲ್ಲಿ ಮೂರೂವರೆ ದಿನಕ್ಕಿಂತ ಹೆಚ್ಚು ಬಂದ್ ಎಂದರ್ಥ. ಶೇ 99.9 ಆದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ. ಶೇ 99.99ಕ್ಕೆ 52 ನಿಮಿಷ ಚಿಲ್ಲರೆ, ಶೇ 99.999ಕ್ಕೆ ಐದೂಕಾಲು ನಿಮಿಷ. ಈ ಕಡೆಯ ಮಟ್ಟದಲ್ಲಿ ಮನುಷ್ಯರಿಗೆ ಕೆಲಸವೇ ಇಲ್ಲ. ಇಂಜಿನಿಯರ್ ನಿದ್ದೆಯಿಂದ ಎದ್ದು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಇಡೀ ವರ್ಷದ ಪಾಲು ಮುಗಿದಿರುತ್ತದೆ. ಆದ್ದರಿಂದ ಕೆಟ್ಟ ಭಾಗವನ್ನು ಪಕ್ಕಕ್ಕೆ ಸರಿಸಿ ಇನ್ನೊಂದನ್ನು ಮುಂದೆ ತರುವ ಕೆಲಸವನ್ನು ಯಂತ್ರವೇ ತಾನಾಗಿ ಮಾಡಬೇಕು. ಅದಕ್ಕೆ ಎಲ್ಲವನ್ನೂ ಎರಡೆರಡು, ಮೂರು ಮೂರು ಇಟ್ಟುಕೊಳ್ಳಬೇಕು. ಒಂದೊಂದು ಒಂಬತ್ತು ಸೇರಿದಂತೆಲ್ಲ ಖರ್ಚು ಏರುವುದು ಹೀಗೆ.

ನಮ್ಮ ಕೆಲಸವೊಂದು ಆಗಬೇಕಾದರೆ ಒಂದೇ ವ್ಯವಸ್ಥೆ ನಡೆದರೆ ಸಾಲದು ಎಂಬುದು ಇನ್ನೂ ಮುಖ್ಯ. 40 ರೂಪಾಯಿ ದೋಸೆಗೆ ಯುಪಿಐ ಮಾಡಿದಾಗ ಕೋರಿಕೆ ನಿಮ್ಮ ಆ್ಯಪ್‌ನಿಂದ ಆ ಆ್ಯಪ್‌ಗೆ ಜೊತೆಯಾದ ಬ್ಯಾಂಕಿಗೆ, ಅಲ್ಲಿಂದ ಎನ್‌ಪಿಸಿಐ ಸ್ವಿಚ್‌ಗೆ, ಅಲ್ಲಿಂದ ನಿಮ್ಮ ಖಾತೆ ಇರುವ ಬ್ಯಾಂಕಿಗೆ ಹೋಗುತ್ತದೆ. ಹಣ ಕಡಿತವಾದ ಮೇಲೆ ಮತ್ತೆ ಎನ್‌ಪಿಸಿಐ ಮೂಲಕ ಹೋಟೆಲಿನವರ ಬ್ಯಾಂಕ್ ತಲುಪಿ, ಜಮೆಯಾಗಿ, ಅದೇ ದಾರಿಯಲ್ಲಿ ಉತ್ತರ ವಾಪಸ್ ಬರುತ್ತದೆ. ಐದು ಕೊಂಡಿ. ಪ್ರತಿಯೊಂದೂ ಶೇ 99.9ರಷ್ಟು ಹೊತ್ತು ನಡೆಯುತ್ತದೆ, ಬೇರೆ ಬೇರೆ ಹೊತ್ತಿನಲ್ಲಿ ಕೆಡುತ್ತದೆ ಎಂದಿಟ್ಟುಕೊಳ್ಳಿ. ಐದನ್ನೂ ಗುಣಿಸಿದರೆ ಒಟ್ಟು ಶೇ 99.5, ಅಂದರೆ ವರ್ಷಕ್ಕೆ ಸುಮಾರು 44 ಗಂಟೆ ಪಾವತಿ ಆಗುವುದಿಲ್ಲ. ಯಾರೂ ತಮ್ಮ ಮಾತಿಗೆ ತಪ್ಪಿಲ್ಲ, ಆದರೂ ನಿಮ್ಮ ದೋಸೆಯ ಹಣ ಹೋಗಲಿಲ್ಲ.

'ಪೆಂಡಿಂಗ್' ಎಂದು ತೋರಿಸುವುದೂ ಇದೇ ದಾರಿಯ ನಡುವೆ. ಕಡಿತ ಆಗಿದೆ, ಆದರೆ ಮುಂದಿನ ಕೊಂಡಿಯಿಂದ ಉತ್ತರ ಬಂದಿಲ್ಲ. ಜಮೆಯಾಗಿ ಉತ್ತರ ಮಾತ್ರ ಕಳೆದುಹೋಗಿರಬಹುದು, ಅಥವಾ ಜಮೆಯೇ ಆಗಿಲ್ಲದಿರಬಹುದು. ಎರಡರಲ್ಲಿ ಯಾವುದು ಎಂದು ಆ ಕ್ಷಣಕ್ಕೆ ನಿಮ್ಮ ಆ್ಯಪ್‌ಗೂ ಗೊತ್ತಿರುವುದಿಲ್ಲ.

ಎನ್‌ಪಿಸಿಐ ಬ್ಯಾಂಕುವಾರು ಅಂಕಿಅಂಶವನ್ನು ಪ್ರಕಟಿಸುತ್ತದೆ. ಅದರಲ್ಲಿ ಎರಡು ಸಾಲು ನೋಡಬೇಕು. ತಪ್ಪು ಪಿನ್, ಖಾತೆಯಲ್ಲಿ ಹಣವಿಲ್ಲ, ಮಿತಿ ಮೀರಿದೆ ಎಂಬ ಕಾರಣಕ್ಕೆ ನಿಂತವು 'ಬಿಸಿನೆಸ್ ಡಿಕ್ಲೈನ್'. ಬ್ಯಾಂಕಿನ ಅಥವಾ ಎನ್‌ಪಿಸಿಐನ ವ್ಯವಸ್ಥೆಯೇ ಕೈಕೊಟ್ಟದ್ದರಿಂದ ನಿಂತವು 'ಟೆಕ್ನಿಕಲ್ ಡಿಕ್ಲೈನ್'. ಯಾವ ಬ್ಯಾಂಕನ್ನು ನೆಚ್ಚಬಹುದು ಎಂದು ತಿಳಿಯಲು ಎರಡನೆಯದನ್ನು ನೋಡಿ.

## ಕೆಡುವುದು ಯಾಕೆ?

ಬೆಂಕಿ, ಕರೆಂಟ್, ಅಗೆಯುವಾಗ ತುಂಡಾದ ಫೈಬರ್, ದುರುದ್ದೇಶದ ದಾಳಿ, ಇವೆಲ್ಲ ಕಾರಣಗಳೇ. 2025ರ ಆರಂಭದಲ್ಲಿ ಕರ್ನಾಟಕದ ಆಸ್ತಿ ನೋಂದಣಿಯ ಕಾವೇರಿ 2.0 ತತ್ತರಿಸಿದ್ದು ನಕಲಿ ಕೋರಿಕೆಗಳ ಮಳೆ ಸುರಿಸುವ ಡಿಡಾಸ್ ದಾಳಿಯಿಂದ. ಕೆಲವು ಸಲ ಕಾರಣ ನಂಬಲಾಗದಷ್ಟು ಸಣ್ಣದು: 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ನಿಂತದ್ದು ಒಂದು ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದು, ನವೀಕರಿಸುವುದು ಮರೆತುಹೋದದ್ದಕ್ಕೆ.

ಆದರೆ ದೊಡ್ಡ ಕಂಪನಿಗಳೇ ಪ್ರಕಟಿಸಿದ ತನಿಖಾ ವರದಿಗಳನ್ನು ಓದುತ್ತಾ ಹೋದರೆ ಒಂದೇ ಕಾರಣ ಮತ್ತೆ ಮತ್ತೆ ಎದುರಾಗುತ್ತದೆ. ಚೆನ್ನಾಗಿ ನಡೆಯುತ್ತಿದ್ದ ವ್ಯವಸ್ಥೆಯಲ್ಲಿ ಒಳಗಿನವರೇ ಮಾಡಿದ ಒಂದು ಬದಲಾವಣೆ.

2024ರ ಜುಲೈ 19ರ ಬೆಳಗ್ಗೆ ಭಾರತೀಯ ಕಾಲಮಾನ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಫಾಲ್ಕನ್ ತಂತ್ರಾಂಶಕ್ಕೆ ಒಂದು ಸಣ್ಣ ಫೈಲ್ ಕಳಿಸಿತು. ಹೊಸ ಬಗೆಯ ದಾಳಿಗಳನ್ನು ಗುರುತಿಸುವ ಸೂಚನೆಗಳು ಅದರಲ್ಲಿದ್ದವು. ಸೂಚನೆಯ ನಮೂನೆಯಲ್ಲಿ 21 ಅಂಕಣಗಳಿದ್ದವು, ಅದನ್ನು ಓದುವ ಪ್ರೋಗ್ರಾಂಗೆ ಸಿಗುತ್ತಿದ್ದದ್ದು 20 ಮೌಲ್ಯ ಮಾತ್ರ. ಅಲ್ಲಿಯವರೆಗಿನ ಫೈಲುಗಳಲ್ಲಿ 21ನೆಯ ಅಂಕಣವನ್ನು ನಿಜವಾಗಿ ನೋಡುವ ಅಗತ್ಯ ಬಿದ್ದಿರಲಿಲ್ಲ. ಅಂದಿನ ಫೈಲಿನಲ್ಲಿ ಬಿತ್ತು. ಪ್ರೋಗ್ರಾಂ ಇಲ್ಲದ ಜಾಗಕ್ಕೆ ಕೈ ಹಾಕಿತು. ಫಾಲ್ಕನ್ ಓಡುವುದು ವಿಂಡೋಸ್‌ನ ತಿರುಳಾದ ಕರ್ನೆಲ್‌ನೊಳಗೆ. ಸಾಮಾನ್ಯ ಪ್ರೋಗ್ರಾಂ ಎಡವಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನೆಲ್‌ನೊಳಗಿನದು ಎಡವಿದರೆ ಇಡೀ ಕಂಪ್ಯೂಟರ್ ನೀಲಿ ಪರದೆ ತೋರಿಸಿ ಬೀಳುತ್ತದೆ.

ಫೈಲನ್ನು 78 ನಿಮಿಷದಲ್ಲಿ ವಾಪಸ್ ಪಡೆದರು. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ಕಂಪ್ಯೂಟರುಗಳು ಬಿದ್ದಿದ್ದವು. ಅದು ಜಗತ್ತಿನ ವಿಂಡೋಸ್ ಯಂತ್ರಗಳಲ್ಲಿ ಶೇ 1ಕ್ಕಿಂತ ಕಡಿಮೆ. ಆದರೆ ಅವು ಇದ್ದದ್ದು ಆಸ್ಪತ್ರೆ, ಬ್ಯಾಂಕ್, ವಿಮಾನ ನಿಲ್ದಾಣಗಳಲ್ಲಿ. ಬೆಂಗಳೂರು ಸೇರಿ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಕೈಯಾರೆ ನಡೆಯಿತು, ಭಾರತದಲ್ಲಿ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಸಿಕ್ಕಿತು. ಅಮೆರಿಕದ ಡೆಲ್ಟಾ ಒಂದೇ ಐದು ದಿನಗಳಲ್ಲಿ ಸುಮಾರು 7,000 ವಿಮಾನಗಳನ್ನು ರದ್ದು ಮಾಡಿತು.

ಇಲ್ಲಿ ದೊಡ್ಡ ಲೋಪ ಲೆಕ್ಕ ತಪ್ಪಿದ ಅಂಕಣದ್ದಲ್ಲ. ಕೋಡ್ ಬರೆಯುವವರೆಲ್ಲ ತಪ್ಪು ಮಾಡುತ್ತಾರೆ. ಆದ್ದರಿಂದಲೇ ಯಾವ ಬದಲಾವಣೆಯನ್ನಾದರೂ ಮೊದಲು ಬೆರಳೆಣಿಕೆಯ ಯಂತ್ರಗಳಿಗೆ, ಆಮೇಲೆ ಶೇ 1ಕ್ಕೆ, ಶೇ 10ಕ್ಕೆ, ಎಲ್ಲ ಸರಿಯಿದ್ದರೆ ಉಳಿದವಕ್ಕೆ ಬಿಡುವ ಪದ್ಧತಿ ಇದೆ. ಇದನ್ನು ಕ್ಯಾನರಿ ಎನ್ನುತ್ತಾರೆ. ಪ್ರೋಗ್ರಾಂನ ಹೊಸ ಆವೃತ್ತಿಗೆ ಹೀಗೆ ಹಂತ ಹಂತವಾಗಿ ಹೋಗುತ್ತಿದ್ದ ಕಂಪನಿ, ಸೂಚನಾ ಫೈಲನ್ನು ಬರೀ ಮಾಹಿತಿ ಎಂದುಕೊಂಡು ಎಲ್ಲರಿಗೂ ಒಂದೇ ಸಲ ಬಿಟ್ಟಿತ್ತು. ಘಟನೆಯ ನಂತರ ಅದಕ್ಕೂ ಹಂತಗಳು ಬಂದವು.

ಮಾಹಿತಿಯ ಫೈಲನ್ನು ಕೋಡ್‌ನಷ್ಟೇ ಎಚ್ಚರದಿಂದ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆಯವರ ಜಾಲತಾಣಗಳ ಮುಂದೆ ನಿಂತು ಬರುವ ಕೋರಿಕೆಗಳನ್ನು ಸೋಸಿ ಕಳಿಸುವ ಕ್ಲೌಡ್‌ಫ್ಲೇರ್ ಕಂಪನಿಯಲ್ಲಿ 2025ರ ನವೆಂಬರ್ 18ರಂದು ಆದ ಘಟನೆಯೂ ಸಾಕ್ಷಿ. ಡೇಟಾಬೇಸಿನ ಅನುಮತಿಯಲ್ಲಿ ಮಾಡಿದ ಬದಲಾವಣೆಯಿಂದ ಒಂದು ಪ್ರಶ್ನೆಗೆ ಪ್ರತಿ ಸಾಲೂ ಎರಡೆರಡು ಸಲ ಉತ್ತರವಾಗಿ ಬಂತು. ಬಾಟ್‌ಗಳನ್ನು, ಅಂದರೆ ಮನುಷ್ಯರ ಬದಲು ತಾಣಕ್ಕೆ ಬರುವ ಪ್ರೋಗ್ರಾಂಗಳನ್ನು, ಗುರುತಿಸುವ ಫೈಲಿನ ಗಾತ್ರ ಇಮ್ಮಡಿಯಾಯಿತು. ಅದನ್ನು ಓದುವ ಪ್ರೋಗ್ರಾಂ 200ಕ್ಕಿಂತ ಹೆಚ್ಚು ಅಂಶಗಳನ್ನು ಒಪ್ಪುತ್ತಿರಲಿಲ್ಲ. ಮಿತಿ ಮೀರಿದ ಕೂಡಲೇ ಬಿತ್ತು. ಚಾಟ್‌ಜಿಪಿಟಿ, ಎಕ್ಸ್ ಸೇರಿ ಅದರ ಹಿಂದಿದ್ದ ಹಲವು ತಾಣಗಳು ನಮ್ಮ ಸಂಜೆ 4.50ರ ಹೊತ್ತಿಗೆ ಎಡವತೊಡಗಿದವು. ಆ ಫೈಲ್ ಐದು ನಿಮಿಷಕ್ಕೊಮ್ಮೆ ಹೊಸದಾಗಿ ತಯಾರಾಗುತ್ತಿತ್ತು. ಬದಲಾವಣೆ ಇನ್ನೂ ಎಲ್ಲ ಡೇಟಾಬೇಸ್ ಯಂತ್ರಗಳನ್ನು ತಲುಪಿರದ ಕಾರಣ ಒಮ್ಮೆ ಒಳ್ಳೆಯದು, ಒಮ್ಮೆ ಕೆಟ್ಟದ್ದು ಬರುತ್ತಿತ್ತು. ಸೇವೆ ಸರಿಹೋಗಿ, ಮತ್ತೆ ಕೆಟ್ಟು, ಮತ್ತೆ ಸರಿಹೋಗುವುದನ್ನು ಕಂಡ ಇಂಜಿನಿಯರುಗಳು ಮೊದಮೊದಲು ಹೊರಗಿನ ದಾಳಿಯೆಂದೇ ಶಂಕಿಸಿದರು. ಮುಖ್ಯ ಸಂಚಾರ ಸರಿಯಾಗಿದ್ದು ರಾತ್ರಿ 8ಕ್ಕೆ.

## ಅಲಾರಂ ಹೊಡೆದ ಮೇಲೆ

ದೊಡ್ಡ ಸೇವೆಗಳಲ್ಲಿ ಸಾವಿರಾರು ಅಳತೆಗಳನ್ನು ಸೆಕೆಂಡಿನಿಂದ ಸೆಕೆಂಡಿಗೆ ದಾಖಲಿಸುತ್ತಾರೆ. ಅವುಗಳಲ್ಲಿ ಅಲಾರಂ ಕಟ್ಟುವುದು ಬಳಕೆದಾರರಿಗೆ ನೇರ ತಟ್ಟುವ ಕೆಲವಕ್ಕೆ: ಎಷ್ಟು ಕೋರಿಕೆ ಬರುತ್ತಿವೆ, ಎಷ್ಟು ಬೀಳುತ್ತಿವೆ, ಉತ್ತರಕ್ಕೆ ಎಷ್ಟು ಹೊತ್ತು. ಸಿಪಿಯು ಬಿಸಿಯಾದದ್ದಕ್ಕೆಲ್ಲ ಅಲಾರಂ ಇಟ್ಟರೆ ರಾತ್ರಿಯಿಡೀ ಹೊಡೆಯುತ್ತದೆ, ನಾಲ್ಕನೇ ದಿನಕ್ಕೆ ಯಾರೂ ಕಿವಿಗೊಡುವುದಿಲ್ಲ. ಕೋರಿಕೆಗಳ ಸಂಖ್ಯೆ ಏಕಾಏಕಿ ಕುಸಿಯುವುದೂ ದೊಡ್ಡ ಸೂಚನೆ. ಯಾವ ತಪ್ಪೂ ದಾಖಲಾಗುತ್ತಿಲ್ಲ ಎಂದರೆ ಎಲ್ಲ ಚೆನ್ನಾಗಿದೆ ಎಂದೇ ಅಲ್ಲ. ಜನ ಬಾಗಿಲವರೆಗೇ ಬರಲಾಗುತ್ತಿಲ್ಲದಿರಬಹುದು.

ಅಲಾರಂ ಆನ್-ಕಾಲ್ ಇಂಜಿನಿಯರಿಗೆ ಹೋಗುತ್ತದೆ. ವಾರದ ಪಾಳಿಯಲ್ಲಿ ಒಬ್ಬರು, ಅವರ ಹಿಂದೆ ಇನ್ನೊಬ್ಬರು. ಮೊದಲನೆಯವರು ಕೆಲವು ನಿಮಿಷದಲ್ಲಿ 'ನೋಡಿದೆ' ಎಂದು ಒತ್ತದಿದ್ದರೆ ಕರೆ ಎರಡನೆಯವರಿಗೆ, ಆಮೇಲೆ ಮ್ಯಾನೇಜರಿಗೆ ಏರುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನಡುರಾತ್ರಿ ಫೋನ್ ಬಡಿದುಕೊಳ್ಳುವುದು ಇದಕ್ಕೇ. ಅಮೆರಿಕದಲ್ಲಿ ರಾತ್ರಿಯಾದಾಗ ಇಲ್ಲಿನವರು, ಇಲ್ಲಿ ರಾತ್ರಿಯಾದಾಗ ಯುರೋಪ್ ಅಥವಾ ಅಮೆರಿಕದವರು ಹೊಣೆ ಹೊರುವಂತೆ ಪಾಳಿ ಹಾಕುವ ಕಂಪನಿಗಳೂ ಇವೆ.

ಮೊದಲು ತೀವ್ರತೆ ನಿರ್ಧರಿಸುತ್ತಾರೆ. ಎಲ್ಲರಿಗೂ ಅಥವಾ ಮುಖ್ಯ ಕೆಲಸಕ್ಕೇ ಪೆಟ್ಟು ಬಿದ್ದಿದ್ದರೆ ಪಿ1, ಕೆಲವರಿಗೆ ಮಾತ್ರವಾದರೆ ಪಿ2, ಹೀಗೆ. ಪಿ1 ಆದರೆ ಬ್ರಿಡ್ಜ್ ಕಾಲ್, ಅಂದರೆ ಸಂಬಂಧಪಟ್ಟವರೆಲ್ಲ ಸೇರುವ ಫೋನ್ ಸಭೆ, ತೆರೆಯುತ್ತದೆ. ಅಲ್ಲಿ ಒಬ್ಬರು ಇನ್ಸಿಡೆಂಟ್ ಕಮಾಂಡರ್. ಅವರು ತಾವೇ ಕೀಬೋರ್ಡ್ ಮುಟ್ಟುವುದಿಲ್ಲ. ಯಾರು ಏನು ನೋಡುತ್ತಿದ್ದಾರೆ, ಯಾವ ಹೆಜ್ಜೆ ಇಡಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದಷ್ಟೇ ಅವರ ಕೆಲಸ. ಇದು ಅಧಿಕಾರ ತೋರಿಸಲು ಮಾಡಿದ್ದಲ್ಲ. ಇಪ್ಪತ್ತು ಜನ ಜಾಣರು ಒಬ್ಬರಿಗೊಬ್ಬರು ಹೇಳದೆ ಏಕಕಾಲಕ್ಕೆ ಇಪ್ಪತ್ತು ಕಡೆ ರಿಪೇರಿ ಮಾಡಿದರೆ, ಯಾವುದರಿಂದ ಸರಿಯಾಯಿತು, ಯಾವುದರಿಂದ ಇನ್ನಷ್ಟು ಕೆಟ್ಟಿತು ಎಂದು ಹೇಳಲಾಗುವುದಿಲ್ಲ. ಇನ್ನೊಬ್ಬರು ಪ್ರತಿ ಹೆಜ್ಜೆಯನ್ನು ಸಮಯ ಸಹಿತ ಬರೆಯುತ್ತಾರೆ, ಮತ್ತೊಬ್ಬರು ಹೊರಗಿನವರಿಗೆ ಮಾಹಿತಿ ಕೊಡುತ್ತಾರೆ.

ಬ್ರಿಡ್ಜ್‌ನಲ್ಲಿ ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ: ಕಡೆಯದಾಗಿ ಬದಲಾದದ್ದೇನು? ಉತ್ತರ ಸಿಕ್ಕರೆ ಆ ಬದಲಾವಣೆಯನ್ನು ಹಿಂದಕ್ಕೆ ತೆಗೆಯುತ್ತಾರೆ. ಇದು ರೋಲ್‌ಬ್ಯಾಕ್. ತಪ್ಪು ಅದರದ್ದೇ ಎಂದು ಖಚಿತವಾಗುವವರೆಗೆ ಕಾಯುವುದಿಲ್ಲ. ಅದು ಆಗದಿದ್ದರೆ ಕೆಟ್ಟ ಭಾಗವನ್ನಷ್ಟೇ ಆಫ್ ಮಾಡುತ್ತಾರೆ, ಅಥವಾ ಆ ಡೇಟಾ ಸೆಂಟರಿಗೆ ಬರುವವರನ್ನು ಇನ್ನೊಂದಕ್ಕೆ ತಿರುಗಿಸುತ್ತಾರೆ, ಅಥವಾ ಒಂದಷ್ಟು ಕೋರಿಕೆಗಳನ್ನು ಬಾಗಿಲಲ್ಲೇ ತಡೆದು ಉಳಿದವನ್ನು ಕಾಪಾಡುತ್ತಾರೆ. ಮೂಲ ಕಾರಣದ ಹುಡುಕಾಟ ಆಮೇಲೆ. ಸೇವೆ ನಿಂತಿರುವಾಗಲೇ ಪೂರ್ತಿ ಕಾರಣ ತಿಳಿದುಕೊಳ್ಳಲು ಹೊರಟರೆ ಔಟೇಜ್ ಉದ್ದವಾಗುತ್ತದೆ, ಅಷ್ಟೇ.

ಹೊರಗಿನ ನಮಗೆ ಕಾಣುವುದು ಸ್ಟೇಟಸ್ ಪುಟ. ಅದರಲ್ಲಿ 'ಇನ್ವೆಸ್ಟಿಗೇಟಿಂಗ್' ಎಂದಿದ್ದರೆ ಕಾರಣ ಗೊತ್ತಿಲ್ಲ, ಎಷ್ಟು ಹೊತ್ತಾದೀತು ಎಂದು ಅವರಿಗೂ ಹೇಳಲಾಗದು ಎಂದು ತಿಳಿಯಿರಿ. 'ಐಡೆಂಟಿಫೈಡ್' ಎಂದರೆ ಎಲ್ಲಿ ಕೆಟ್ಟಿದೆ ಎಂದು ಸಿಕ್ಕಿದೆ, ಸರಿಯಾಗಿಲ್ಲ. 'ಮಾನಿಟರಿಂಗ್' ಎಂದರೆ ಮದ್ದು ಹಾಕಿ ಕಾಯುತ್ತಿದ್ದಾರೆ. ಮತ್ತೆ ಕೆಡುವ ಸಂಭವ ಇನ್ನೂ ಇದೆ. ದೊಡ್ಡ ಮೊತ್ತ ಕಳಿಸುವುದಿದ್ದರೆ 'ರಿಸಾಲ್ವ್ಡ್' ಬರುವವರೆಗೆ ತಡೆಯಿರಿ.

## ರಿಪೇರಿ ಸಾಮಾನೂ ಅಲ್ಲೇ ಸಿಕ್ಕಿಬಿದ್ದಾಗ

ತಪ್ಪು ಎಷ್ಟು ದೊಡ್ಡದು ಎಂಬುದಕ್ಕಿಂತ, ಸರಿಮಾಡಲು ಬೇಕಾದ ಸಲಕರಣೆ ಕೆಟ್ಟುಹೋದ ವ್ಯವಸ್ಥೆಯ ಮೇಲೆಯೇ ನಿಂತಿದೆಯೇ ಎಂಬುದು ಔಟೇಜಿನ ಉದ್ದವನ್ನು ನಿರ್ಧರಿಸುತ್ತದೆ. ಈ ಒಂದು ಮಾತು ಹಿಡಿದುಕೊಂಡರೆ ಹತ್ತು ವರ್ಷಗಳ ದೊಡ್ಡ ಔಟೇಜುಗಳು ಅರ್ಥವಾಗುತ್ತವೆ.

2021ರ ಅಕ್ಟೋಬರ್ 4, ನಮ್ಮಲ್ಲಿ ರಾತ್ರಿ 9 ಗಂಟೆ ದಾಟಿತ್ತು. ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಹೋದವು, ಸುಮಾರು ಆರು ಗಂಟೆ ಬರಲಿಲ್ಲ. ಡೇಟಾ ಸೆಂಟರುಗಳನ್ನು ಒಂದಕ್ಕೊಂದು ಬೆಸೆಯುವ ಜಾಲದ ಸಾಮರ್ಥ್ಯ ಅಳೆಯಲು ಕೊಟ್ಟ ಒಂದು ಆದೇಶ ಇಡೀ ಜಾಲವನ್ನೇ ಕಡಿದುಹಾಕಿತ್ತು. ಇಂಥ ಆದೇಶವನ್ನು ತಡೆಯಬೇಕಿದ್ದ ಪರಿಶೀಲನಾ ಪ್ರೋಗ್ರಾಂನಲ್ಲೇ ದೋಷವಿತ್ತು. ಫೇಸ್‌ಬುಕ್ ಎಂಬ ಹೆಸರಿಗೆ ಯಾವ ವಿಳಾಸ ಎಂದು ಜಗತ್ತಿಗೆ ಹೇಳುವ ಡಿಎನ್ಎಸ್ ಸರ್ವರುಗಳು, ಡೇಟಾ ಸೆಂಟರ್ ಸಿಗದಿದ್ದರೆ ತಮ್ಮಲ್ಲೇ ಏನೋ ಕೆಟ್ಟಿದೆ ಎಂದು ತಿಳಿದು ತಮ್ಮ ದಾರಿಯನ್ನು ಇಂಟರ್ನೆಟ್‌ನಿಂದ ಹಿಂತೆಗೆದುಕೊಳ್ಳುವಂತೆ ರಚಿತವಾಗಿದ್ದವು. ಒಂದು ಕಡೆ ಕೆಟ್ಟರೆ ಇದು ಒಳ್ಳೆಯ ಉಪಾಯ. ಅಂದು ಎಲ್ಲವೂ ಒಟ್ಟಿಗೆ ಹಿಂತೆಗೆದುಕೊಂಡವು. ಕಂಪನಿಯ ಒಳಗಿನ ರಿಪೇರಿ ಸಲಕರಣೆಗಳೂ ಅದೇ ಡಿಎನ್ಎಸ್ ನೆಚ್ಚಿದ್ದವು. ದೂರದಿಂದ ಒಳಹೋಗುವ ದಾರಿ ಮುಚ್ಚಿತು. ಇಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಬೇಕಾಯಿತು. ಸುಲಭಕ್ಕೆ ಯಾರೂ ನುಗ್ಗದಂತೆ ಕಟ್ಟಿದ ಕಟ್ಟಡ, ಕೈಗೆ ಸಿಕ್ಕರೂ ಬದಲಿಸಲು ಬಾರದಂತೆ ಬಿಗಿ ಮಾಡಿದ ರೌಟರುಗಳು. ಭದ್ರತೆಗೆಂದು ಮಾಡಿದ್ದೆಲ್ಲ ಅಂದು ತಡ ಮಾಡಿತು.

2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ನಿಂತದ್ದು ಆದೇಶವೊಂದರಲ್ಲಿ ಒಂದು ಅಂಶ ತಪ್ಪಾಗಿ ನಮೂದಾಗಿ, ಬೇಕಾದದ್ದಕ್ಕಿಂತ ಹೆಚ್ಚು ಸರ್ವರುಗಳು ಹೊರಹೋದದ್ದರಿಂದ. ಎಸ್3 ಕೆಟ್ಟಿದೆ ಎಂದು ಗ್ರಾಹಕರಿಗೆ ಹೇಳಬೇಕಿದ್ದ ಸ್ಟೇಟಸ್ ಪುಟದ ನಿರ್ವಹಣೆಯೂ ಎಸ್3 ಮೇಲೆಯೇ ನಿಂತಿತ್ತು. ಎರಡು ಗಂಟೆ ಅದನ್ನು ಬದಲಿಸಲು ಆಗಲಿಲ್ಲ. ಕ್ಲೌಡ್‌ಫ್ಲೇರ್ ಬಿದ್ದ ದಿನ ತಮ್ಮ ತಾಣವನ್ನು ಅಲ್ಲಿಂದ ತಾತ್ಕಾಲಿಕವಾಗಿ ಹೊರತೆಗೆಯಬೇಕೆಂದವರು ಡ್ಯಾಶ್‌ಬೋರ್ಡಿಗೆ ಲಾಗಿನ್ ಆಗಬೇಕಿತ್ತು, ಲಾಗಿನ್ ಪುಟ ಕ್ಲೌಡ್‌ಫ್ಲೇರ್‌ನದೇ ಪರಿಶೀಲನಾ ಸೇವೆಯನ್ನು ಬಳಸುತ್ತಿತ್ತು.

ಕ್ರೌಡ್‌ಸ್ಟ್ರೈಕ್ ವಿಷಯದಲ್ಲಿ ಇದು ಇನ್ನೂ ಕಠಿಣ. ಸರಿಪಡಿಸಿದ ಫೈಲ್ ಇಂಟರ್ನೆಟ್‌ನಲ್ಲಿ ಸಿದ್ಧವಿತ್ತು, ಆದರೆ ಬಿದ್ದ ಕಂಪ್ಯೂಟರ್ ಅದನ್ನು ಇಳಿಸಿಕೊಳ್ಳುವಷ್ಟು ಹೊತ್ತು ಎದ್ದಿರುತ್ತಿರಲಿಲ್ಲ. ಒಬ್ಬರು ಪ್ರತಿ ಯಂತ್ರದ ಮುಂದೆ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಡ್ರೈವರ್ಸ್ ಫೋಲ್ಡರಿನಲ್ಲಿರುವ ಕ್ರೌಡ್‌ಸ್ಟ್ರೈಕ್ ಫೋಲ್ಡರಿಗೆ ಹೋಗಿ, ಸಿ-00000291 ಎಂದು ಶುರುವಾಗುವ ಫೈಲ್ ಅಳಿಸಿ, ಮತ್ತೆ ಚಾಲೂ ಮಾಡಬೇಕಿತ್ತು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗವಿದ್ದರೆ ಅದಕ್ಕೂ ಮೊದಲು 48 ಅಂಕಿಯ ಕೀಲಿಸಂಖ್ಯೆ ಟೈಪ್ ಮಾಡಬೇಕು. ಆ ಕೀಲಿಸಂಖ್ಯೆಗಳನ್ನು ಇಟ್ಟಿದ್ದ ಸರ್ವರ್ ಕೂಡ ಬಿದ್ದಿದ್ದರೆ ಮೊದಲು ಅದನ್ನು ಎಬ್ಬಿಸಬೇಕು. 78 ನಿಮಿಷದ ತಪ್ಪಿಗೆ ದಿನಗಟ್ಟಲೆ ಹಿಡಿದದ್ದು ಹೀಗೆ.

## ಎಲ್ಲರೂ ಒಟ್ಟಿಗೆ ಬಾಗಿಲು ತಟ್ಟಿದರೆ

ಕೆಟ್ಟದ್ದು ಸರಿಯಾದ ಮೇಲೂ ಸೇವೆ ಏಳದಿರುವುದುಂಟು. ಹೊಲದ ಐಪಿ ಸೆಟ್ ಗೊತ್ತಿರುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ತ್ರೀ ಫೇಸ್ ಕರೆಂಟ್ ಬಂದ ಗಳಿಗೆಯಲ್ಲೇ ಆಟೋ ಸ್ಟಾರ್ಟರ್ ಹಾಕಿದ ಮೋಟಾರುಗಳೆಲ್ಲ ಒಟ್ಟಿಗೆ ಏಳುತ್ತವೆ. ಮೋಟಾರು ಚಾಲೂ ಆಗುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಟಿಸಿಯ ಫ್ಯೂಸ್ ಹಾರುತ್ತದೆ, ಕೆಲವೊಮ್ಮೆ ಟಿಸಿಯೇ ಸುಡುತ್ತದೆ. ಲೈನ್‌ನಲ್ಲಿ ಈಗ ಯಾವ ದೋಷವೂ ಇಲ್ಲ. ಎಲ್ಲರೂ ಒಂದೇ ಕ್ಷಣಕ್ಕೆ ಕೇಳಿದ್ದೇ ದೋಷ.

ಸರ್ವರುಗಳಲ್ಲೂ ಇದೇ. ಉತ್ತರ ಬರದಿದ್ದರೆ ಆ್ಯಪ್ ಮತ್ತೆ ಕೇಳುತ್ತದೆ. ಆ್ಯಪ್ ಮೂರು ಸಲ ಕೇಳಿ, ಅದರ ಹಿಂದಿನ ಸರ್ವರ್ ಪ್ರತಿಯೊಂದಕ್ಕೂ ಮೂರು ಸಲ ಕೇಳಿ, ಅದರ ಹಿಂದಿನದೂ ಹಾಗೇ ಮಾಡಿದರೆ ಕಟ್ಟಕಡೆಯ ಡೇಟಾಬೇಸ್ ಒಂದು ಕೋರಿಕೆಗೆ 27 ಸಲ ಪೆಟ್ಟು ತಿನ್ನುತ್ತದೆ. ಏಪ್ರಿಲ್ 12ರಂದು ಯುಪಿಐ ಮೇಲೆ ಬಿದ್ದದ್ದೂ ಇದೇ ಜಾತಿಯ ಹೊರೆ. ಅದಾದ ಮೇಲೆ ಎನ್‌ಪಿಸಿಐ ಮಿತಿ ಹಾಕಿತು: 2025ರ ಆಗಸ್ಟ್‌ನಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು, ಪೆಂಡಿಂಗ್ ಪಾವತಿಯ ಸ್ಥಿತಿಯನ್ನು ಮೂರು ಸಲ, ನಡುವೆ 90 ಸೆಕೆಂಡ್ ಬಿಟ್ಟು ಕೇಳಬಹುದು.

ಇಂಜಿನಿಯರುಗಳ ಮದ್ದು ಸರಳ. ಮೊದಲ ಸಲ ಸೋತರೆ 1 ಸೆಕೆಂಡ್ ಕಾಯಿ, ಆಮೇಲೆ 2, 4, 8 ಎಂದು ಇಮ್ಮಡಿಸು. ಜೊತೆಗೆ ಪ್ರತಿ ಫೋನೂ ಒಂದಿಷ್ಟು ಹೆಚ್ಚುಕಮ್ಮಿ ಕಾಯುವಂತೆ ಯಾದೃಚ್ಛಿಕ ಅಂತರ ಸೇರಿಸು, ಇಲ್ಲದಿದ್ದರೆ ಕಾದವರೆಲ್ಲ ಮತ್ತೆ ಒಂದೇ ಕ್ಷಣಕ್ಕೆ ಬರುತ್ತಾರೆ. ಎದುರಿನ ಸೇವೆ ಸತತವಾಗಿ ಸೋಲುತ್ತಿದ್ದರೆ ಸ್ವಲ್ಪ ಹೊತ್ತು ಕೇಳುವುದನ್ನೇ ನಿಲ್ಲಿಸು.

2025ರ ಅಕ್ಟೋಬರ್ 20ರಂದು ಅಮೆಜಾನ್ ವೆಬ್ ಸರ್ವಿಸಸ್‌ನ ಉತ್ತರ ವರ್ಜೀನಿಯಾ ಕೇಂದ್ರದಲ್ಲಿ ಆದದ್ದನ್ನು ಹತ್ತಿರದಿಂದ ನೋಡಿ. ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆಯ ಡಿಎನ್ಎಸ್ ದಾಖಲೆಯನ್ನು ನವೀಕರಿಸುವ ಸ್ವಯಂಚಾಲಿತ ಪ್ರೋಗ್ರಾಂಗಳಲ್ಲಿ ಒಂದು ವಿಪರೀತ ಹಿಂದೆ ಬಿತ್ತು. ಅದು ತಡವಾಗಿ ಹಳೆಯ ಪಟ್ಟಿ ಹಾಕಿತು. ಅಷ್ಟರಲ್ಲಿ ಇನ್ನೊಂದು ಹಳೆಯ ಪಟ್ಟಿಗಳನ್ನೆಲ್ಲ ಗುಡಿಸಿ ತೆಗೆಯುತ್ತಿತ್ತು. ದಾಖಲೆ ಖಾಲಿಯಾಯಿತು. ಸರ್ವರುಗಳು ಚೆನ್ನಾಗಿದ್ದವು, ಅವುಗಳ ವಿಳಾಸ ಯಾರಿಗೂ ಸಿಗಲಿಲ್ಲ. ನಮ್ಮ ಮಧ್ಯಾಹ್ನ 12.18ಕ್ಕೆ ಶುರುವಾದ ಇದನ್ನು 2.55ರ ಹೊತ್ತಿಗೆ ಸರಿಪಡಿಸಿದರು. ಆದರೆ ಅದೇ ಡೇಟಾಬೇಸ್ ನೆಚ್ಚಿ ಸಾವಿರಾರು ಯಂತ್ರಗಳ ಲೆಕ್ಕ ಇಡುವ ಇನ್ನೊಂದು ವ್ಯವಸ್ಥೆ, ಈ ನಡುವೆ ತನ್ನ ಯಂತ್ರಗಳ ಹಿಡಿತ ಕಳೆದುಕೊಂಡಿತ್ತು. ಈಗ ಎಲ್ಲವನ್ನೂ ಒಟ್ಟಿಗೆ ದಾಖಲಿಸಿಕೊಳ್ಳಲು ಹೊರಟಿತು. ಒಂದೊಂದು ದಾಖಲಾತಿ ಮುಗಿಯುವ ಮೊದಲೇ ಅದರ ಸಮಯ ಮೀರಿ ಮತ್ತೆ ಸಾಲಿನ ಕೊನೆಗೆ ಹೋಗುತ್ತಿತ್ತು. ಎಷ್ಟು ಕೆಲಸ ಮಾಡಿದರೂ ಸಾಲು ಕರಗಲಿಲ್ಲ. ಕಡೆಗೆ ಒಳಬರುವುದನ್ನು ತಡೆಹಿಡಿದು, ಕೆಲವು ಯಂತ್ರಗಳನ್ನು ಆಯ್ದು ಮರುಚಾಲನೆ ಮಾಡಿದ ಮೇಲೆ ಹತೋಟಿಗೆ ಬಂತು. ಎಲ್ಲ ಮಾಮೂಲಿಗೆ ಬರುವಾಗ ಮರುದಿನ ನಸುಕಿನ 2.20.

ಫೇಸ್‌ಬುಕ್ ಕೂಡ 2021ರ ಆ ಔಟೇಜಿನ ನಂತರ ತನ್ನ ಸೇವೆಗಳನ್ನು ಮೆಲ್ಲಗೆ ಎಬ್ಬಿಸಿತು. ಡೇಟಾ ಸೆಂಟರುಗಳ ವಿದ್ಯುತ್ ಬಳಕೆ ಹತ್ತಾರು ಮೆಗಾವ್ಯಾಟ್ ಇಳಿದಿತ್ತು. ಅದು ಒಮ್ಮೆಲೇ ಏರಿದರೆ ವಿದ್ಯುತ್ ಉಪಕರಣಗಳಿಗೇ ಅಪಾಯ ಎಂಬ ಆತಂಕ ಅವರಿಗಿತ್ತು.

## ಬ್ಯಾಕಪ್ ಇದೆ ಎನ್ನುವುದು ಸಾಲದು

ನಿಂತ ಸೇವೆ ಮತ್ತೆ ಬರುತ್ತದೆ, ಅಳಿಸಿಹೋದ ಮಾಹಿತಿ ತಾನಾಗಿ ಬರುವುದಿಲ್ಲ. 2017ರ ಜನವರಿ 31ರಂದು, ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ತಾಣದ ಇಂಜಿನಿಯರ್ ಒಬ್ಬರು ಬದಲಿ ಸರ್ವರಿನಲ್ಲಿ ಅಳಿಸಬೇಕಾದದ್ದನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ನಿತ್ಯದ ಬ್ಯಾಕಪ್ ನೋಡಿದರೆ ಖಾಲಿ. ಬ್ಯಾಕಪ್ ಪ್ರೋಗ್ರಾಂನ ಆವೃತ್ತಿ ಡೇಟಾಬೇಸಿಗೆ ಹೊಂದದೆ ಅದು ಸೋಲುತ್ತಿತ್ತು, ಸೋತಿದೆ ಎಂದು ತಿಳಿಸುವ ಇಮೇಲುಗಳು ಸಹಿ ಸರಿಯಿಲ್ಲವೆಂದು ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಕಾಪಾಡಿದ್ದು ಪರೀಕ್ಷೆಗೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ನಕಲು. ಕಂಪನಿ ಇದನ್ನೆಲ್ಲ ಬಹಿರಂಗವಾಗಿ ಬರೆಯಿತು, ಆ ಇಂಜಿನಿಯರ್‌ನ ಹೆಸರೆತ್ತಿ ದೂರಲಿಲ್ಲ. ಈ ಬಗೆಯ ವರದಿಗೆ ಪೋಸ್ಟ್‌ಮಾರ್ಟಮ್ ಎನ್ನುತ್ತಾರೆ. ಯಾರು ಮಾಡಿದರು ಎಂದು ಕೇಳುವ ಕಡೆ ಜನ ಮುಚ್ಚಿಡುತ್ತಾರೆ. ಒಬ್ಬರ ಕೈತಪ್ಪಿಗೆ ಇಷ್ಟೆಲ್ಲ ಆಗಲು ವ್ಯವಸ್ಥೆ ಬಿಟ್ಟದ್ದು ಹೇಗೆ ಎಂದು ಕೇಳಿದರೆ ಕಾರಣ ಹೊರಬರುತ್ತದೆ.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬೆಂಕಿ ಬಿತ್ತು. ನೌಕರರ ಕಡತಗಳಿದ್ದ 858 ಟೆರಾಬೈಟ್ ಮಾಹಿತಿಗೆ ಬೇರೆ ಕಡೆ ನಕಲೇ ಇರಲಿಲ್ಲ.

## ನಷ್ಟ ಯಾರದ್ದು?

ಕಂಪ್ಯೂಟರುಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಗಳ ಭರವಸೆಗೆ ಎಸ್ಎಲ್ಎ ಎನ್ನುತ್ತಾರೆ. ಅಮೆಜಾನ್‌ನ ಬಾಡಿಗೆ ಸರ್ವರುಗಳ ಇಸಿ2 ಸೇವೆ ಪ್ರದೇಶ ಮಟ್ಟದಲ್ಲಿ ಶೇ 99.99 ಭರವಸೆ ಕೊಡುತ್ತದೆ. ಅದಕ್ಕಿಂತ ಇಳಿದರೆ ಬಿಲ್ಲಿನ ಶೇ 10, ಶೇ 99ಕ್ಕಿಂತ ಇಳಿದರೆ ಶೇ 30, ಶೇ 95ಕ್ಕಿಂತ ಇಳಿದರೆ ಪೂರ್ತಿ ಮೊತ್ತ ಕ್ರೆಡಿಟ್ ಆಗಿ ಸಿಗುತ್ತದೆ. ತಿಂಗಳಿಗೆ 1 ಲಕ್ಷ ರೂಪಾಯಿ ಕಟ್ಟುವ ಕಂಪನಿಗೆ 10 ಗಂಟೆ ಸೇವೆ ಸಿಗದಿದ್ದರೆ ಲಭ್ಯತೆ ಶೇ 98.6, ಕ್ರೆಡಿಟ್ 30,000 ರೂಪಾಯಿ. ಅದೂ ಗ್ರಾಹಕರೇ ಕೇಳಿದರೆ, ಮುಂದಿನ ಬಿಲ್ಲಿನಲ್ಲಿ. ಆ ಹತ್ತು ಗಂಟೆಯಲ್ಲಿ ಹೋದ ವ್ಯಾಪಾರ ಎಷ್ಟೇ ಇರಲಿ, ಅದು ಲೆಕ್ಕಕ್ಕಿಲ್ಲ.

ಬ್ಯಾಂಕುಗಳ ವಿಷಯದಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಬಿಗಿಯಾಗಿದೆ. ಪದೇ ಪದೇ ಔಟೇಜ್ ಆದದ್ದಕ್ಕೆ 2020ರ ಡಿಸೆಂಬರ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿಗೆ ಹೊಸ ಕ್ರೆಡಿಟ್ ಕಾರ್ಡ್ ಗ್ರಾಹಕರನ್ನು ಸೇರಿಸದಂತೆ ತಡೆಯಿತು. 2024ರ ಏಪ್ರಿಲ್‌ನಲ್ಲಿ ಐಟಿ ವ್ಯವಸ್ಥೆಯ ಲೋಪಗಳಿಗಾಗಿ ಕೋಟಕ್ ಮಹೀಂದ್ರ ಬ್ಯಾಂಕಿನ ಮೇಲೆ ಇಂಥದ್ದೇ ನಿರ್ಬಂಧ ಹೇರಿತು. ಎರಡೂ ಆಮೇಲೆ ತೆರವಾದವು.

## ನಮ್ಮ ಕಡೆಯಿಂದ

ಎರಡು ಯುಪಿಐ ಆ್ಯಪ್ ಇಟ್ಟು ಎರಡಕ್ಕೂ ಒಂದೇ ಖಾತೆ ಜೋಡಿಸಿದರೆ ಆ ಬ್ಯಾಂಕ್ ಬಿದ್ದಾಗ ಎರಡೂ ಬೀಳುತ್ತವೆ. ಬೇರೆ ಬ್ಯಾಂಕಿನ ಇನ್ನೊಂದು ಖಾತೆ ಜೋಡಿಸಿ. ಯುಪಿಐ ಲೈಟ್‌ನಲ್ಲಿ 5,000 ರೂಪಾಯಿವರೆಗೆ ಇಟ್ಟುಕೊಂಡು ಒಂದು ಸಲಕ್ಕೆ 1,000ದವರೆಗೆ ಕೊಡಬಹುದು. ಪಾವತಿಯ ಹೊತ್ತಿಗೆ ನಿಮ್ಮ ಬ್ಯಾಂಕಿನ ಮುಖ್ಯ ವ್ಯವಸ್ಥೆಯನ್ನು ಕೇಳಬೇಕಿಲ್ಲವಾದ್ದರಿಂದ ಅದು ಕುಂಟುತ್ತಿದ್ದರೂ ನಡೆಯುತ್ತದೆ. *99# ಡಯಲ್ ಮಾಡಿ ಹಣ ಕಳಿಸುವುದು ಇಂಟರ್ನೆಟ್ ಇಲ್ಲದಾಗ ನೆರವಿಗೆ ಬರುತ್ತದೆ. ಎನ್‌ಪಿಸಿಐ ಕೇಂದ್ರವೇ ನಿಂತರೆ ಇವು ಯಾವುವೂ ನಡೆಯುವುದಿಲ್ಲ. ಆಗ ಉಳಿಯುವುದು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಬೇರೆ ಜಾಲದ ಕಾರ್ಡ್ ಮತ್ತು ನೋಟು. ಊರು ಬಿಟ್ಟು ಹೊರಟಾಗ ವಾಪಸ್ ಬರುವಷ್ಟು ನಗದು ಜೇಬಿನಲ್ಲಿರಲಿ.

ಟಿಕೆಟ್, ಬೋರ್ಡಿಂಗ್ ಪಾಸ್, ವಿಮೆಯ ಕಾಗದ, ಔಷಧಿ ಚೀಟಿಗಳನ್ನು ಆ್ಯಪ್‌ನೊಳಗೆ ಮಾತ್ರ ಬಿಡದೆ ಫೋನಿಗೆ ಇಳಿಸಿಡಿ. ಗೂಗಲ್‌ನಂಥ ಖಾತೆಗಳು ಎರಡನೇ ಹಂತದ ಪರಿಶೀಲನೆಗೆ ಬ್ಯಾಕಪ್ ಕೋಡ್ ಕೊಡುತ್ತವೆ. ಅದನ್ನು ಕಾಗದದಲ್ಲಿ ಬರೆದು ಮನೆಯಲ್ಲಿಡಿ, ಅದೇ ಫೋನಿನಲ್ಲಿ ಅಲ್ಲ.

ಔಟೇಜ್ ಹೊತ್ತಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಕರೆ ಮಾಡುವವರನ್ನು ವಂಚಕರು ಕಾಯುತ್ತಿರುತ್ತಾರೆ. ನಂಬರ್ ತೆಗೆದುಕೊಳ್ಳುವುದಿದ್ದರೆ ಆ್ಯಪ್‌ನೊಳಗಿಂದ ಅಥವಾ ಕಾರ್ಡಿನ ಹಿಂಬದಿಯಿಂದ. ಹಣ ವಾಪಸ್ ಬರಲು ಯಾರಿಗೂ ಪಿನ್ ಕೊಡಬೇಕಾಗಿಲ್ಲ. ಮೋಸ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಪಾವತಿ ಪೆಂಡಿಂಗ್ ಆದರೆ ಮತ್ತೆ ಮತ್ತೆ ಒತ್ತಬೇಡಿ. ಎರಡೂ ಹೋಗಿಬಿಡಬಹುದು, ಹೊರೆಯೂ ಹೆಚ್ಚುತ್ತದೆ. ವಹಿವಾಟಿನ ವಿವರದಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆ, ದಿನಾಂಕ, ಸಮಯದ ಸ್ಕ್ರೀನ್‌ಶಾಟ್ ತೆಗೆದಿಡಿ. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ವ್ಯಕ್ತಿಗೆ ಕಳಿಸಿದ ಯುಪಿಐ ಹಣ ಕಡಿತವಾಗಿ ಜಮೆಯಾಗದಿದ್ದರೆ ವಹಿವಾಟಿನ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಕಡಿತವಾದರೂ ಐದು ದಿನ. ಅದು ದಾಟಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು, ನೀವು ಕೇಳದಿದ್ದರೂ, ಬ್ಯಾಂಕ್ ಜಮೆ ಮಾಡಬೇಕು. ಮಾಡದಿದ್ದರೆ ಯುಟಿಆರ್ ಸಹಿತ ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಆ ಸಂಖ್ಯೆಯೊಂದಿಗೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಅದರ ದೂರು ತಾಣವಾದ ಸಿಎಂಎಸ್ ಪೋರ್ಟಲಿನಲ್ಲಿ ದೂರು ಸಲ್ಲಿಸಬಹುದು. ಶುಲ್ಕವಿಲ್ಲ. ಹೇಗೆಂದು ಕೇಳಲು 14448ಕ್ಕೆ ಕರೆ ಮಾಡಿ.